ಗಾಜಿನ ವರಾಂಡದ ಅಂದಾಜು ಖರ್ಚು

ಬೇಡಕಿಹಾಳ
೫ ಅಕ್ಟೋಬರ್ ೨೦೨೫, ರವಿವಾರ

ಸಮ್ಮೇದನ ಅವ್ವನಿಗೆ, ಅಂದರೆ ಜಿನಮತಿಗೆ,

ಜಯ ಜಿನೇಂದ್ರ. ನಾವೆಲ್ಲ ಆರಾಮ ಇದ್ದೇವೆ, ನಾನೊಬ್ಬನನ್ನು ಬಿಟ್ಟು.

ಮದುವೆಯಾದಾಗಿನಿಂದ ನಿನ್ನನ್ನು ಹೆಸರು ಹಿಡಿದು ಕರೆದವನಲ್ಲ. ಮಗ ಹುಟ್ಟುವ ಮೊದಲು ‘ಏ, ಕೇಳೇನ’ ಎನ್ನುತ್ತಿದ್ದೆ. ಹುಟ್ಟಿದ ಮೇಲೆ ‘ಸಮ್ಮೇದನ ಅವ್ವಾ’ ಎಂದೆ. ಮೇಲೆ ನಿನ್ನ ಹೆಸರು ಬರೆಯುವಾಗ ಕೈ ಸ್ವಲ್ಪ ತಡೆಯಿತು. ಬರೆದ ಮೇಲೆ ನೋಡಿದರೆ ಚೆನ್ನಾಗಿಯೇ ಕಂಡಿತು. ಇಷ್ಟು ದಿನ ಯಾಕೆ ಬರೆಯಲಿಲ್ಲವೋ, ಯಾರಿಗೆ ನಾಚಿಕೊಂಡೆನೋ ತಿಳಿಯದು.

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಮಂಗಸೂಳಿಯ ಬಸದಿಯಲ್ಲಿ ಚಾತುರ್ಮಾಸಕ್ಕೆ ಕೂತ ಮಾತಾಜಿಯವರ ಸೇವೆಗೆಂದು ಹೋದವಳು ನೀನು. ಮಳೆಗಾಲದ ನಾಲ್ಕು ತಿಂಗಳು, ದೀಪಾವಳಿ ಮುಗಿಸಿಕೊಂಡು ಬರುತ್ತೇನೆ ಎಂದು ಹೇಳಿ ಹೋಗಿದ್ದೆ. ಅಲ್ಲಿಗೆ ಹೋದ ಮೊದಲ ವಾರದಲ್ಲೇ ಮೊಬೈಲು ತ್ಯಾಗ ಮಾಡಿದೆ. ಹೀಗಾಗಿ ಈ ಕಾಲದಲ್ಲೂ ನಮ್ಮಿಬ್ಬರಿಗೆ ಪೋಸ್ಟಿನವನೇ ಗತಿ. ಅವನು ತಂದುಕೊಟ್ಟ ಕಾಗದದಲ್ಲಿ ಮೂರೇ ಮಾತು. ದೀಕ್ಷೆ ತೆಗೆದುಕೊಳ್ಳುವ ಭಾವ ಬಂದಿದೆ. ಮನೆಯವರು ಒಪ್ಪದೆ ಮಾತಾಜಿ ದೀಕ್ಷೆ ಕೊಡುವುದಿಲ್ಲ, ನಿಮ್ಮ ಒಪ್ಪಿಗೆ ಬೇಕು. ನೀವು ಬೇಡ ಎಂದರೆ ದೀಪಾವಳಿಗೆ ಮನೆಗೆ ಬರುತ್ತೇನೆ, ಸಿಟ್ಟಿಲ್ಲದೆ ಬರುತ್ತೇನೆ.

ಆ ‘ಸಿಟ್ಟಿಲ್ಲದೆ’ ಎಂಬುದೇ ನನ್ನನ್ನು ಕೆಡಿಸಿತು ನೋಡು. ಸಿಟ್ಟು ಮಾಡಿಕೊಂಡು ಬರುತ್ತೇನೆ ಎಂದು ಬರೆದಿದ್ದರೆ, ಬಾ, ಬಂದು ಜಗಳಾಡು ಎಂದು ಅವತ್ತೇ ಉತ್ತರ ಹಾಕುತ್ತಿದ್ದೆ.

ಉತ್ತರ ಕೊಡುತ್ತೇನೆ. ಆದರೆ ಅದಕ್ಕೆ ಮೊದಲು ವರಾಂಡದ ಖರ್ಚಿನ ಮಾತು. ನಗಬೇಡ. ಸೊಸೈಟಿಯಲ್ಲಿ ಸೆಕ್ರೆಟರಿಯಾಗಿ ಕೂದಲು ಹಣ್ಣಾದವನಿಗೆ ಯಾವ ಮಾತಾದರೂ ಅಂದಾಜು ಖರ್ಚಿನಿಂದಲೇ ಸುರುವಾಗುತ್ತದೆ. ನಮ್ಮ ಮದುವೆಯ ಮಾತುಕತೆಯಲ್ಲಿ ನಾನು ಪೆಂಡಾಲಿನ ಬಾಡಿಗೆ ಎಷ್ಟು ಎಂದು ಕೇಳಿದ್ದನ್ನು ನಿನ್ನ ತವರಿನವರು ಇನ್ನೂ ಆಡಿಕೊಳ್ಳುತ್ತಾರೆ.

ನಮ್ಮ ಮುಂದಿನ ವರಾಂಡ ನಿನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಬರೆಯುತ್ತೇನೆ, ಬರೆಯುವುದರಲ್ಲಿ ನನಗೊಂದು ಸುಖ ಇದೆ. ಮನೆ ಉತ್ತರಕ್ಕೆ ಮುಖ. ರಸ್ತೆಯಿಂದ ಮೆಟ್ಟಿಲು ಹತ್ತಿದರೆ ಉದ್ದನೆಯ ವರಾಂಡ, ಮೇಲೆ ಸ್ಲ್ಯಾಬು, ಮೂರು ಕಡೆ ಬಯಲು. ಅದರ ಪಡುವಣ ತುದಿಯಲ್ಲಿ ನಿಂತರೆ ಕಬ್ಬಿನ ಹೊಲ, ಅದರಾಚೆ ದೂಧಗಂಗೆಯ ದಂಡೆಯ ಗಿಡಗಳು. ಊರಲ್ಲಿ ಎಲ್ಲ ಕಡೆ ಹೊತ್ತು ಮುಳುಗಿದ ಮೇಲೂ ಆ ತುದಿಯಲ್ಲಿ ಒಂದಿಷ್ಟು ಬೆಳಕು ಉಳಿದಿರುತ್ತದೆ. ಅದನ್ನು ಮನೆಯಲ್ಲಿ ಮೊದಲು ಕಂಡುಹಿಡಿದವಳು ನೀನು.

ಚಳಿಗಾಲದಲ್ಲಿ ಹೊತ್ತು ಬೇಗ ಇಳಿಯುತ್ತದೆ. ಬಸದಿಗೆ ಹೋಗಿ, ದನಕ್ಕೆ ನೀರಿಟ್ಟು, ಎಲ್ಲರಿಗೂ ಬಡಿಸಿ ನೀನು ಕೂರುವ ಹೊತ್ತಿಗೆ ಅಡುಗೆಮನೆಯಲ್ಲಿ ಕತ್ತಲೆ. ಸೂರ್ಯ ಮುಳುಗಿದ ಮೇಲೆ ನೀನು ಒಂದು ಗುಟುಕು ನೀರನ್ನೂ ಮುಟ್ಟುವವಳಲ್ಲ. ಹೀಗಾಗಿ ತಾಟು ಹಿಡಿದುಕೊಂಡು ಬೆಳಕಿನ ಹಿಂದೆ ಹೊರಡುತ್ತಿದ್ದೆ. ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ವರಾಂಡಕ್ಕೆ, ಅಲ್ಲಿಂದ ಆ ತುದಿಗೆ. ಗೋಡೆಗೆ ಬೆನ್ನು ಕೊಟ್ಟು, ಕಾಲು ಮಡಚಿ ಕೂತು, ಸೂರ್ಯನನ್ನು ನೋಡುತ್ತ ಉಣ್ಣುತ್ತಿದ್ದೆ. ಆಗ ನಿನ್ನ ಮುಖ ಪೂರಾ ಕೆಂಪಗಿರುತ್ತಿತ್ತು. ನಾನು ಪೇಪರಿನ ಮರೆಯಿಂದ ನೋಡುತ್ತಿದ್ದೆ.

ಆದರೆ ಕಾರ್ಖಾನೆಯ ಹಂಗಾಮು ಸುರುವಾಯಿತೆಂದರೆ ಮುಗಿಯಿತು. ಕಬ್ಬು ನುರಿಸುವ ದಿನಗಳಲ್ಲಿ ಚಿಮಣಿಯಿಂದ ಹಾರಿ ಬರುವ ಕರಿ ಬೂದಿ, ಒಣಗಹಾಕಿದ ಬಟ್ಟೆಯ ಮೇಲೆ, ನೀರಿನ ಕೊಡದಲ್ಲಿ, ನಿನ್ನ ತಾಟಿನಲ್ಲಿ. ರೊಟ್ಟಿಯ ಮೇಲೆ ಬಿದ್ದ ಬೂದಿಯನ್ನು ನೀನು ಊದಿ ತೆಗೆಯುತ್ತಿದ್ದೆ, ತೆಗೆಯುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು, ಅರ್ಧ ಊಟಕ್ಕೇ ಎದ್ದು ಕೈ ತೊಳೆಯುತ್ತಿದ್ದೆ. ಈ ಸಲ ಹಂಗಾಮಿಗೆ ಮೊದಲೇ ವರಾಂಡಕ್ಕೆ ಮೂರೂ ಕಡೆ ಗಾಜು ಹಾಕಿಸಿಬಿಟ್ಟರೆ ಬೆಳಕು ಒಳಗೆ, ಬೂದಿ ಹೊರಗೆ ಎಂದು ನನ್ನ ಲೆಕ್ಕ. ಕಬ್ಬಿನ ಬಿಲ್ಲಿನಲ್ಲಿ ಅಷ್ಟು ತೆಗೆದಿಟ್ಟಿದ್ದೇನೆ, ಸಾಲ ಗೀಲ ಇಲ್ಲ, ಗಾಬರಿಯಾಗಬೇಡ.

ನಿಪ್ಪಾಣಿಯಿಂದ ಕಾಡಸಿದ್ದ ಎಂಬವನನ್ನು ಕರೆಸಿದೆ. ಅಲ್ಯೂಮಿನಿಯಂ ಚೌಕಟ್ಟು, ಗಾಜು, ಸರಿಯುವ ಬಾಗಿಲು ಮಾಡುವವನು. ಬಾಯಿ ಮಾತ್ರ ಸರಿದು ಮುಚ್ಚುವುದಿಲ್ಲ. ಅಳತೆ ತೆಗೆದುಕೊಂಡು, ಚಹಾ ಕುಡಿದು, ಎರಡು ಲಕ್ಷ ಹತ್ತು ಸಾವಿರ ಎಂದು ಬರೆದುಕೊಟ್ಟ. ಅದರಲ್ಲಿ ನಾನು ಹೇಳಿ ಬರೆಸಿದ್ದೂ ಬಹಳ ಇತ್ತು. ಜೋಕಾಲಿ, ಇಬ್ಬರು ಕೂರುವಂಥದ್ದು, ಹಿತ್ತಾಳೆ ಸರಪಳಿ. ಎರಡು ಫ್ಯಾನು. ಗೋಡೆಗುಂಟ ಒರಗಲು ಗಾದಿ, ಲೋಡು. ನಿನಗೆ ಮಧ್ಯಾಹ್ನ ಮಲಗಲು ಒಂದು ಸಣ್ಣ ಮಂಚ. ಒಂದು ನಿಲುಗನ್ನಡಿ. ಕನ್ನಡಿ ಯಾಕೆ ಎಂದು ರೂಪಾಲಿ ಕೇಳಿದಳು. ಅತ್ತೆಯಾದವಳಿಗೂ ಕನ್ನಡಿ ಬೇಕವ್ವಾ ಎಂದೆ. ಸೊಸೆ ನಕ್ಕು ಒಳಗೆ ಹೋದಳು.

ಆಮೇಲೆ ನಡೆದದ್ದು ನಿನ್ನದೇ ಕರಾಮತ್ತು. ರೂಪಾಲಿ ನಿನ್ನನ್ನು ನೋಡಿಕೊಂಡು ಬಂದಾಗಲೆಲ್ಲ ಒಂದು ಹೊಸ ಸುದ್ದಿ ತರುತ್ತಾಳೆ. ಮೊದಲ ಸಲ ಬಂದು, ‘ಅತ್ಯಾರು ಫ್ಯಾನಿನ ಗಾಳಿ ಬಿಟ್ಟಾರ್ರಿ’ ಎಂದಳು. ನಾನು ಪೆನ್ನು ತೆಗೆದು ಅಂದಾಜಿನಲ್ಲಿ ಫ್ಯಾನಿನ ಸಾಲು ಹೊಡೆದು ಹಾಕಿದೆ. ಮುಂದಿನ ಸಲ ಗಾದಿ ಬಿಟ್ಟೆ, ಚಾಪೆಯ ಮೇಲೆ ಮಲಗುತ್ತೀ ಎಂದು ಬಂತು. ಮಂಚ, ಗಾದಿ, ಲೋಡು ಮೂರೂ ಹೋದವು. ಆಮೇಲೆ ಕನ್ನಡಿ ನೋಡುವುದಿಲ್ಲವಂತೆ. ಹೋಯಿತು. ಉಪ್ಪು ಬಿಟ್ಟಳು ಎಂದಾಗ ಮಾತ್ರ ಹೊಡೆಯಲು ನನ್ನ ಅಂದಾಜಿನಲ್ಲಿ ಯಾವ ಸಾಲೂ ಇರಲಿಲ್ಲ. ಅವತ್ತು ರೊಟ್ಟಿಯ ಜೊತೆಗಿನ ಪಲ್ಯ ನನಗೂ ಸಪ್ಪಗೆ ಹತ್ತಿತು, ರೂಪಾಲಿ ಸರಿಯಾಗಿಯೇ ಉಪ್ಪು ಹಾಕಿದ್ದಳು.

ನೀನು ಅಲ್ಲಿ ಒಂದೊಂದೇ ಬಿಡುತ್ತಾ ಹೋದ ಹಾಗೆ ಇಲ್ಲಿ ನನ್ನ ಖರ್ಚು ಇಳಿಯುತ್ತಾ ಬಂತು. ಕಾಡಸಿದ್ದ ಪ್ರತಿ ಸಲ ಬಂದಾಗ ಕಾಗದ ನೋಡಿ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದ. ‘ಕಾಕಾರ, ಹಿಂಗ ಕಡಮಿ ಮಾಡಕೋತ ಹ್ವಾದ್ರ ಕಡೀಕ ಬರೇ ಗಾಳಿ ಉಳಿತೈತ್ರಿ’ ಎಂದ. ಕಡೆಗೆ ಲೈಟಿನ ಪಾಯಿಂಟಾದರೂ ಎಲ್ಲಿ ಕೊಡಲಿ ಎಂದು ಕೇಳಿದ. ಲೈಟು ಬೇಡ ಎಂದೆ. ಗಾಜಿನೊಳಗೆ ದೀಪ ಹಚ್ಚಿದರೆ ಹುಳಗಳು ಬಂದು ಹೊಡೆದುಕೊಂಡು ಸಾಯುತ್ತವೆ ಎಂದು ನೀನು ಹೇಳುತ್ತೀ ಎಂಬುದು ನನಗೆ ಗೊತ್ತು. ಹಗಲಿನ ಬೆಳಕಿಗಾಗಿ ಕಟ್ಟುವ ಕೋಣೆಗೆ ರಾತ್ರಿಯ ಬೆಳಕು ಯಾಕೆ ಬೇಕು? ಅವನು ಆಯಿತು ಎಂದ. ಆದರೆ ಮನಸ್ಸಿನಲ್ಲಿ ಮುದುಕನಿಗೆ ಎಲ್ಲೋ ತಪ್ಪಿದೆ ಎಂದುಕೊಂಡಿರಬೇಕು.

ಜೋಕಾಲಿಯ ಸಾಲು ಮಾತ್ರ ಆಗ ನಾನು ಹೊಡೆಯಲಿಲ್ಲ. ಜೋಕಾಲಿ ಬಿಟ್ಟಳು ಎಂದು ಯಾರೂ ಸುದ್ದಿ ತರಲಿಲ್ಲವಲ್ಲ.

ಇನ್ನು ಚಂಪಾ ಅತ್ತೆಯ ಕಥೆ ಕೇಳು. ಇದನ್ನು ಮಾತಾಜಿಯವರಿಗೂ ಹೇಳು, ನಗಲಿ. ನನ್ನ ಅಪ್ಪನ ತಂಗಿಗೆ ಎಂಬತ್ತು ದಾಟಿದರೂ ನೇಮದಲ್ಲಿ ನಿನಗಿಂತ ಒಂದು ಕೈ ಮೇಲೆ ಎಂಬುದು ನಿನಗೇ ಗೊತ್ತು. ಕಾಡಸಿದ್ದ ಕಂದು ಬಣ್ಣದ ಗಾಜು ಹಾಕಿಸಿ ಎಂದು ಬಹಳ ಹಟ ಹಿಡಿದ. ‘ಒಳಗಿಂದ ಹೊರಗ ಕಾಣತೈತ್ರಿ, ಹೊರಗಿಂದ ಒಳಗ ಯಾರಿಗೂ ಕಾಣಂಗಿಲ್ಲ, ಬಿಸಿಲಿನ ಝಳಾನೂ ಇಲ್ಲ’ ಎಂದ. ತೋರಿಸಲೆಂದು ಪಡುವಣ ತುದಿಗೆ ಎರಡು ಹಾಳೆ ನಿಲ್ಲಿಸಿ, ಉಳಿದ ಬಯಲಿಗೆ ತಾಡಪತ್ರಿ ಇಳಿಬಿಟ್ಟ. ಅತ್ತೆ ಅಲ್ಲೇ ಉಣ್ಣುತ್ತೇನೆ ಎಂದಳು. ರೂಪಾಲಿ ಬಡಿಸಿದಳು. ಎರಡು ತುತ್ತು ಉಂಡಿರಬೇಕು, ಗಾಜಿನ ಕಡೆ ನೋಡಿದಳು, ತಾಟಿಗೆ ಕೈ ಮುಗಿದಳು. ‘ಹೊತ್ತ ಮುಳಗೇತಿ, ತಾಟ ತಗೀರಿ’ ಎಂದು ಅನ್ನ ನೀರು ಎರಡೂ ಬೆಳಗಿನವರೆಗೆ ತ್ಯಾಗ ಎಂದು ಹೇಳಿಬಿಟ್ಟಳು.

ಕೈ ತೊಳೆಯಲು ಮೆಟ್ಟಿಲಿಗೆ ಬಂದರೆ, ಸೂರ್ಯ ಕಬ್ಬಿನ ತುರಾಯಿಯ ಮೇಲೆ ಇನ್ನೂ ಆಳೆತ್ತರ ನಿಂತಿದ್ದಾನೆ. ಇಡೀ ಅಂಗಳದಲ್ಲಿ ಬಿಸಿಲು. ಸಮ್ಮೇದ ತಲೆ ಕೆರೆದುಕೊಂಡ. ಎಲ್ಲರೂ ಕೈಕಾಲು ಹಿಡಿದೆವು, ಇದು ಗಾಜಿನ ತಪ್ಪು, ನಿನ್ನದಲ್ಲ, ಉಣ್ಣು ಎಂದು. ಅತ್ತೆ ಒಪ್ಪಲಿಲ್ಲ. ‘ಬಿಟ್ಟೀನಿ ಅಂದ್ಮ್ಯಾಲ ಮುಗೀತ. ಸೂರ್ಯಾ ತಿರಗಿ ಬಂದಾನಂತ ನನ್ನ ಮಾತ ತಿರಗಿ ಬರತೈತೇನೋ ಭೀಮ್ಯಾ?’ ಎಂದು ನನ್ನನ್ನೇ ಕೇಳಿದಳು. ಸಿಟ್ಟಿನಿಂದಲ್ಲ, ನಗುತ್ತಲೇ. ಆಮೇಲೆ ಆ ಬಿಸಿಲಿನಲ್ಲೇ ಮೆಟ್ಟಿಲ ಮೇಲೆ ಕೂತು, ಹಸಿದುಕೊಂಡು, ಸೂರ್ಯ ನಿಜವಾಗಿ ಮುಳುಗುವವರೆಗೂ ಸುಖವಾಗಿ ನೋಡುತ್ತಿದ್ದಳು. ಕಾಡಸಿದ್ದ ಮಾತ್ರ, ನನ್ನ ಗಾಜಿನಿಂದ ಅಜ್ಜಿ ಉಪವಾಸ ಬಿದ್ದಳು ಎಂದು ಮುಖ ಬಾಡಿಸಿಕೊಂಡು ಹಾಳೆ ಬಿಚ್ಚಿಕೊಂಡು ಹೋದ. ಮರುದಿನ ಬಂದು, ಬಣ್ಣವಿಲ್ಲದ ಬಿಳಿ ಗಾಜನ್ನೇ ಹಾಕೋಣ, ಅದು ಸೋವಿಯೂ ಹೌದು ಎಂದು ತಾನೇ ಹೇಳಿದ.

ಅತ್ತೆಯ ಮಾತು ನನ್ನ ತಲೆಯಿಂದ ಹೋಗಲಿಲ್ಲ.

ಬೆಳಕು ಕಡಿಮೆಯಾಯಿತು. ನಾನು ಆ ಪಡುವಣ ತುದಿಯಲ್ಲೇ ಕೂತು ಬರೆಯುತ್ತಿದ್ದೇನೆ. ಅಕ್ಷರ ಕಾಣುತ್ತಿಲ್ಲ. ನಾಳೆ ಮುಂದುವರಿಸುತ್ತೇನೆ.

ಸೋಮವಾರ, ಸೀಗೆ ಹುಣ್ಣಿಮೆ

ಬೆಳಿಗ್ಗೆ ಎದ್ದರೆ ದೂಧಗಂಗೆಯ ಕಡೆಯಿಂದ ಮಂಜು ಬಂದು ವರಾಂಡದ ಒಳಗೇ ನಿಂತಿತ್ತು. ಕಂಬಗಳು ಕಾಣುತ್ತಿರಲಿಲ್ಲ. ಚೌಕಟ್ಟು ನಿಲ್ಲಿಸಿದ್ದಾರೆ, ಗಾಜು ಇನ್ನೂ ಕೂತಿಲ್ಲ. ಖಾಲಿ ಚೌಕಟ್ಟಿನೊಳಗಿಂದ ಮಂಜು ನಿಧಾನಕ್ಕೆ ಹೋಗುವುದನ್ನು ನೋಡುತ್ತಾ ಕೂತೆ. ಆಮೇಲೆ ಬಿಸಿಲು ಬಂದು, ನೀನು ಕೂರುವ ಜಾಗದ ಫರಸಿಯ ಮೇಲೆ ಚೌಕಟ್ಟಿನ ನೆರಳು ಬಿತ್ತು. ಅಲ್ಲಿ ಕಾಲು ಇಡಲು ಮನಸ್ಸಾಗದೆ ಸುತ್ತಿ ಬಳಸಿ ಓಡಾಡಿದೆ. ಸಮ್ಮೇದ ನೋಡಿ, ‘ಅಪ್ಪಾರ, ಅಲ್ಲಿ ಸಿಮೆಂಟ್ ಹಸಿ ಐತೇನ್ರಿ?’ ಎಂದ. ಹೌದು ಎಂದುಬಿಟ್ಟೆ.

ಈಗ ನಿಜ ಹೇಳುತ್ತೇನೆ. ನಿನ್ನ ತಾಟಿಗೆ ಬೂದಿ ಬೀಳುತ್ತದೆ ಎಂಬುದು ಸುಳ್ಳಲ್ಲ. ಆದರೆ ಈ ಕೋಣೆಯ ಮಾತು ನಾನು ಎತ್ತಿದ್ದು ನಿನ್ನ ಪತ್ರ ಬಂದ ಮರುದಿನ. ಕೆಲಸ ಸುರುವಾಗಿದೆ ಎಂದು ರೂಪಾಲಿಯ ಬಾಯಿಂದ ನಿನಗೆ ಗೊತ್ತಾಗಲಿ, ಅಲ್ಲಿ ಚಾಪೆಯ ಮೇಲೆ ಕೂತವಳಿಗೆ ಇಲ್ಲಿಯ ಸಂಜೆಬಿಸಿಲು ನೆನಪಾಗಲಿ, ನಾನು ಬೇಡ ಎನ್ನುವ ಮೊದಲೇ ನೀನೇ ಬರುತ್ತೇನೆ ಎನ್ನಲಿ ಎಂದು ಹೂಡಿದ ಆಟ ಇದು. ಸಮ್ಮೇದ ನೇರ ಮನುಷ್ಯ. ‘ಅವ್ವಗ ಬ್ಯಾಡ ಅಂತ ಬರದ ಒಗೀರ್ರಿ, ಬರತಾಳ’ ಎಂದು ಮೊದಲ ದಿನವೇ ಹೇಳಿದ. ಅವನಿಗೆ ನಿನ್ನ ಮೇಲೆ ಸಿಟ್ಟು. ಸಿಟ್ಟಿನಲ್ಲಿ ಅವನು ನನಗಿಂತ ಪ್ರಾಮಾಣಿಕ.

ನನಗೆ ಭಯ. ಬಿಳಿ ಸೀರೆ, ದಿನಕ್ಕೆ ಒಂದೇ ಊಟ, ಊರಿಂದೂರಿಗೆ ಬರಿಗಾಲಲ್ಲಿ ನಡಿಗೆ. ತಲೆಗೂದಲನ್ನು ಕೈಯಿಂದ ಕಿತ್ತು ತೆಗೆಯುತ್ತಾರೆ. ಎಣ್ಣೆ ಹಚ್ಚುವಾಗ ಒಂದು ಕೂದಲು ಜಗ್ಗಿದರೆ ರೂಪಾಲಿಯನ್ನು ಬೈಯುತ್ತಿದ್ದವಳು ನೀನು. ಮೊಣಕಾಲಿನ ನೋವಿಗೆ ಚಿಕ್ಕೋಡಿಯ ಡಾಕ್ಟರು ಕೊಟ್ಟ ಮುಲಾಮು ಇನ್ನೂ ಕಪಾಟಿನಲ್ಲಿದೆ. ದೀಕ್ಷೆಯಾದ ದಿನ ನಿನ್ನ ಹೆಸರೂ ಬದಲಾಗುತ್ತದೆ. ನಿನಗೆ ಗೊತ್ತಿರುವುದನ್ನೇ ಬರೆದೆ, ಕಾಗದದ ಮೇಲೆ ಇಟ್ಟು ನೋಡಿದರೆ ಭಯ ಕಡಿಮೆಯಾದೀತು ಎಂದು. ಆಗಲಿಲ್ಲ.

ಹೋದ ವಾರ ಮಂಗಸೂಳಿಗೆ ಬಂದಿದ್ದೆ. ನಿನಗೆ ಗೊತ್ತಿಲ್ಲ. ರೂಪಾಲಿಗೂ ಹೇಳಿರಲಿಲ್ಲ, ರಾಯಬಾಗಕ್ಕೆ ಬೀಜದ ಕಬ್ಬು ನೋಡಲು ಹೋಗುತ್ತೇನೆ ಎಂದು ಹೊರಟೆ. ಎರಡು ಬಸ್ಸು ಬದಲಿಸಿ ಇಳಿದಾಗ ಮಾತಾಜಿ ದಿನದ ಒಂದು ಊಟಕ್ಕೆ, ಆಹಾರಕ್ಕೆ, ಹೊರಡುವ ಹೊತ್ತಾಗಿತ್ತು. ಅಂಗಿಯ ಕಿಸೆಯಲ್ಲಿ ವರಾಂಡದ ಅಂದಾಜು, ಬಾಯಲ್ಲಿ ‘ಬೇಡ’ ಎಂಬ ಮಾತು, ಎರಡನ್ನೂ ಹೊಂದಿಸಿಕೊಂಡೇ ಬಂದಿದ್ದೆ. ಬಸದಿಯ ಓಣಿಯ ಬಾಯಿಯಲ್ಲಿ ಒಂದು ಕಟ್ಟೆಯ ಮೇಲೆ ಊರಿನ ಹಿರಿಯರೊಬ್ಬರು ಕೂತಿದ್ದರು. ಅವರ ಬದಿಗೆ ನಾನೂ ಕೂತೆ.

ಓಣಿಯುದ್ದಕ್ಕೂ ಮನೆ ಮನೆಯ ಮುಂದೆ ಜನ ಮಡಿಯುಟ್ಟು, ಕಲಶ ಹಿಡಿದು ನಿಂತಿದ್ದರು. ಗಂಡ ಹೆಂಡತಿ ಜೋಡಿ ಜೋಡಿ. ಮಾತಾಜಿ ತಲೆ ಬಗ್ಗಿಸಿ ನಡೆದು ಬಂದರು. ಓಣಿಯಲ್ಲಿ ಎಲ್ಲಕ್ಕಿಂತ ದೊಡ್ಡ ಮನೆಗೆ ಹೊಸದಾಗಿ ಗಾಜಿನ ವರಾಂಡ ಮಾಡಿಸಿದ್ದರು, ನನ್ನ ಅಂದಾಜಿನಲ್ಲಿರುವಂಥದ್ದೇ, ಸರಿಯುವ ಬಾಗಿಲಿನದ್ದು. ಆ ಮನೆಯ ದಂಪತಿ ತೆಂಗಿನಕಾಯಿಯಿಟ್ಟ ಕಲಶ ಹಿಡಿದು ‘ಅತ್ರ ಅತ್ರ, ತಿಷ್ಠ ತಿಷ್ಠ’, ಇಲ್ಲಿ ನಿಲ್ಲಿ, ನಿಲ್ಲಿ ಎಂದು ಕರೆದರು. ಮಾತಾಜಿ ನಿಲ್ಲದೆ ದಾಟಿ ಹೋದರು. ಆ ಗಂಡಸಿನ ದನಿ ಕರೆಯುತ್ತಾ ಕರೆಯುತ್ತಾ ಸಣ್ಣಗಾಯಿತು. ಬಾಗಿಲು ಹಿಂದೆ ಮುಚ್ಚಿಕೊಂಡಿತ್ತಲ್ಲ, ಅದಕ್ಕೇ ಇರಬೇಕು ಎಂದು ನಾನು ಅಂದೆ. ಬದಿಗೆ ಕೂತ ಹಿರಿಯರು ತಲೆ ಅಲ್ಲಾಡಿಸಿದರು. ‘ಮನಸಿನ್ಯಾಗ ಒಂದ ನೇಮಾ ಹಿಡದ ಹೊರಡತಾರ್ರಿ. ಅದು ಕಂಡಲ್ಲೆ ನಿಲ್ಲತಾರ. ಯಾರಿಗೂ ಹೇಳಂಗಿಲ್ಲ. ಬಾಗಲಾನೂ ಇರಬಹುದು, ಮತ್ತೊಂದೂ ಇರಬಹುದು’ ಎಂದರು.

ಅದರಾಚೆ ಸಣ್ಣದೊಂದು ಹಂಚಿನ ಮನೆ. ಅದರ ಮುಂದೆ ನೀನಿದ್ದೆ.

ಆ ಮನೆಯವರ ಜೊತೆಗೆ, ಒಂದು ಬದಿಗೆ, ಎರಡೂ ಕೈಯಲ್ಲಿ ಒಂದು ದಾಳಿಂಬೆ ಹಣ್ಣು ಹಿಡಿದುಕೊಂಡು ನಿಂತಿದ್ದೆ. ಮಾತಾಜಿ ನಿನ್ನ ಮುಂದೆ ಬಂದು ನಿಂತರು. ನೀವೆಲ್ಲ ಪ್ರದಕ್ಷಿಣೆ ಹಾಕಿದಿರಿ. ಒಳಗೆ ಕರೆದುಕೊಂಡು ಹೋಗುವ ಮೊದಲು ನೀನು ಒಮ್ಮೆ ತಲೆ ಎತ್ತಿದೆ. ಜಿನಮತಿ, ನಾನು ನಿನ್ನನ್ನು ಸಂಜೆಬಿಸಿಲಿನಲ್ಲಿ ಎಷ್ಟು ಸಲ ನೋಡಿದ್ದೇನೆ, ಆದರೆ ಆ ಮುಖ ನೋಡಿರಲಿಲ್ಲ. ಬಿಸಿಲು ಓಣಿಯ ಆಚೆಯ ಗೋಡೆಯ ಮೇಲಿತ್ತು. ನೀನು ನೆರಳಿನಲ್ಲಿದ್ದೆ, ಆದರೂ ಮುಖದಲ್ಲಿ ಬೆಳಕಿತ್ತು. ಹಿಂದೆ ಯಾವತ್ತೋ ಬೆಳಕು ನಿನ್ನ ಮೇಲೆ ಬೀಳುತ್ತಿದೆ ಎಂದುಕೊಂಡು ನಾನು ಪೇಪರಿನ ಮರೆಯಿಂದ ನೋಡುತ್ತಿದ್ದೆನಲ್ಲ, ಅದರಲ್ಲಿ ಅರ್ಧ ನಿನ್ನದೇ ಇತ್ತೇನೋ.

ನಾನು ಕಟ್ಟೆಯಿಂದ ಏಳಲಿಲ್ಲ. ನಿನ್ನನ್ನು ಕರೆಯಲಿಲ್ಲ. ಕರೆದಿದ್ದರೆ ನೀನು ಓಡಿ ಬರುತ್ತಿದ್ದೆ ಎಂಬುದು ಗೊತ್ತು, ಅದಕ್ಕೇ ಕರೆಯಲಿಲ್ಲ. ಮಧ್ಯಾಹ್ನದ ಬಸ್ಸು ಹತ್ತಿ ಬಂದೆ. ಕಾಗವಾಡದ ತನಕ ಕಿಟಕಿಯ ಆಚೆ ಏನೇನು ಬಂತೋ ನೋಡಲಿಲ್ಲ. ಆಮೇಲೆ ಕಿಸೆಯಿಂದ ಅಂದಾಜು ತೆಗೆದು, ಅಲ್ಲಾಡುವ ಬಸ್ಸಿನಲ್ಲೇ ಜೋಕಾಲಿಯ ಸಾಲು ಹೊಡೆದೆ. ಗೆರೆ ಸೊಟ್ಟಗೆ ಬಂತು. ಮನೆಗೆ ಬಂದ ಮೇಲೆ ರೂಪಾಲಿ, ಬೀಜದ ಕಬ್ಬು ಹೇಗಿತ್ತು ಮಾವಾರ ಎಂದು ಕೇಳಿದಳು. ಚೆನ್ನಾಗಿ ಬೆಳೆದಿದೆ, ನಮ್ಮ ಹೊಲಕ್ಕೆ ತರುವುದು ಸರಿಯಲ್ಲ ಎಂದೆ.

ಅತ್ತೆಯ ಮಾತನ್ನು ಮತ್ತೆ ನೆನೆಸಿಕೊಂಡೆ. ನಾನು ಬೇಡ ಎಂದರೆ ನೀನು ಬರುತ್ತೀ, ಸಿಟ್ಟಿಲ್ಲದೆ ಬರುತ್ತೀ. ಬಿಸಿಲಿನಲ್ಲಿ ಕೂತು ಉಣ್ಣುತ್ತೀ. ಆದರೆ ನೀನು ಒಳಗಿಂದ ಒಮ್ಮೆ ತಾಟಿಗೆ ಕೈ ಮುಗಿದಾಗಿದೆ. ಮತ್ತೆ ಬಡಿಸಿದರೆ ಉಂಡಾಳು ಎಂದು ನಾನು ಆಸೆಪಡುವುದು ನಿನಗೆ ಮಾಡುವ ಅವಮಾನ.

ಆದ್ದರಿಂದ ಉತ್ತರ ಇದು. ನನ್ನ ಒಪ್ಪಿಗೆ ಇದೆ. ಮಾತಾಜಿಯವರಿಗೆ ತೋರಿಸಲು ಬೇರೆ ಹಾಳೆಯಲ್ಲಿ, ದೊಡ್ಡ ಅಕ್ಷರದಲ್ಲಿ, ಸಹಿ ಹಾಕಿ ಬರೆದು ಇದರ ಜೊತೆಗಿಟ್ಟಿದ್ದೇನೆ. ಸಮ್ಮೇದನೂ ಸಹಿ ಹಾಕಿದ್ದಾನೆ. ಹಾಕಿ ದನದ ಕೊಟ್ಟಿಗೆಗೆ ಹೋದವನು ಬಹಳ ಹೊತ್ತು ಹೊರಗೆ ಬರಲಿಲ್ಲ. ನೀನು ಸಿಟ್ಟಿಲ್ಲದೆ ಬರುತ್ತೇನೆ ಎಂದು ಬರೆದೆ. ನಾನು ಸಿಟ್ಟಿಲ್ಲದೆ ಒಪ್ಪುತ್ತೇನೆ ಎಂದು ಬರೆಯಲಾರೆ. ಸಿಟ್ಟಿದೆ. ಬಹಳ ಇದೆ. ಹೊತ್ತು ಇಳಿದಾಗ ಇನ್ನೂ ಹೆಚ್ಚಾಗುತ್ತದೆ. ಆದರೂ ಒಪ್ಪಿದ್ದೇನೆ. ನನ್ನ ಸಿಟ್ಟಿನ ಚಿಂತೆ ನೀನು ಮಾಡಬೇಡ, ಅದನ್ನು ನಾನು ಸಾಕಿಕೊಳ್ಳುತ್ತೇನೆ.

ಹಾಗಾದರೆ ಈ ಕೋಣೆ ಯಾಕೆ, ಕೆಲಸ ನಿಲ್ಲಿಸಿ, ದುಡ್ಡು ದಾನಕ್ಕೆ ಕೊಡಿ ಎಂದು ನೀನು ಹೇಳುತ್ತೀ. ನಿಲ್ಲಿಸುವುದಿಲ್ಲ. ಚಂಪಾ ಅತ್ತೆಗೆ ಬಿಳಿ ಗಾಜಿನ ಕೋಣೆ ಬೇಕೇ ಬೇಕಂತೆ, ಸೂರ್ಯನ ಜೊತೆ ತನ್ನ ಲೆಕ್ಕ ಇನ್ನೂ ಮುಗಿದಿಲ್ಲವಂತೆ. ನಾನೂ ಹೋದ ವಾರದಿಂದ ಅತ್ತೆಯ ಜೊತೆಗೇ ಹೊತ್ತು ಮುಳುಗುವ ಮೊದಲು ಉಣ್ಣುತ್ತಿದ್ದೇನೆ. ರಾತ್ರಿ ಟೀವಿಯ ಮುಂದೆ ಉಣ್ಣುತ್ತಿದ್ದ ನನ್ನನ್ನು ನೀನು ಎಷ್ಟು ಬೈದಿದ್ದೀ. ರಾತ್ರಿ ಸ್ವಲ್ಪ ಹಸಿವಾಗುತ್ತದೆ. ನೀನೂ ಹಸಿದಿರುತ್ತೀ ಎಂದುಕೊಂಡು ಮಲಗುತ್ತೇನೆ, ನಿದ್ದೆ ಬರುತ್ತದೆ.

ಇಳಿದು ಇಳಿದು ಖರ್ಚು ಒಂದು ಲಕ್ಷದ ಆಸುಪಾಸಿಗೆ ಬಂದಿದೆ. ಚೌಕಟ್ಟು, ಗಾಜು, ಫರಸಿ. ಇಷ್ಟರಲ್ಲೇ ಕೋಣೆ ಆಗುತ್ತದೆ ಎಂದು ಮೊದಲು ನನಗೂ ಗೊತ್ತಿರಲಿಲ್ಲ.

ಮೊಣಕಾಲಿನ ಮುಲಾಮು ರೂಪಾಲಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ದೀಕ್ಷೆಯ ದಿನದವರೆಗಾದರೂ ಹಚ್ಚಿಕೋ. ನಿನ್ನ ಉತ್ತರ ಬೇಡ, ಬರೆದರೆ ನಾನು ಮತ್ತೆ ಬರೆಯುತ್ತೇನೆ, ಅದು ಮುಗಿಯುವ ಮಾತಲ್ಲ. ಮುಂದೆ ಕಂಡಾಗ ನಿನಗೆ ‘ತಾವು’ ಎನ್ನಬೇಕಾಗುತ್ತದೆ, ಕೈ ಮುಗಿಯಬೇಕಾಗುತ್ತದೆ. ಮುಗಿಯುತ್ತೇನೆ. ಇದೊಂದು ಪತ್ರದಲ್ಲಿ ನೀನು, ನೀನು ಎಂದು ಮನಸಾರೆ ಬರೆದುಕೊಂಡಿದ್ದೇನೆ.

ಇನ್ನೂ ನಿನ್ನವನಾದ,
ಭೀಮಗೊಂಡ

ತಾಜಾ ಕಲಂ: ಹಾಳೆ ಮಡಚಿದ ಮೇಲೆ ಮತ್ತೆ ಬಿಚ್ಚಿದ್ದೇನೆ. ಮೆಟ್ಟಿಲ ಕಡೆಯ ಸರಿಯುವ ಬಾಗಿಲಿಗೆ ಇಪ್ಪತ್ತಾರು ಸಾವಿರ ಹಿಡಿದಿದ್ದೆ, ಅದನ್ನೂ ಈಗ ಹೊಡೆದು ಹಾಕಿದೆ. ಕೆಲಸಕ್ಕೆ ಬಂದ ಕಾಡಸಿದ್ದ ನೋಡಿ, ‘ಬಾಗಲಾ ಇಲ್ಲದ ಕ್ವಾಣಿಗಿ ಗಾಜ ಯಾಕ್ರಿ ಕಾಕಾರ? ಬೂದಿ ಎಲ್ಲಾ ಅಲ್ಲಿಂದನ ಬರತೈತಿ’ ಎಂದ. ಬರಲಿ ಎಂದೆ. ಮನಸ್ಸಿನಲ್ಲಿ ಹಿಡಿದ ನೇಮವನ್ನು ಯಾರಿಗೂ ಹೇಳಬಾರದಂತೆ, ನನಗೂ ಹೇಳಬೇಡ. ಆದರೆ ಮುಂದೆ ಎಂದಾದರೂ ನಿಮ್ಮ ವಿಹಾರ, ಆ ಊರೂರಿನ ನಡಿಗೆ, ಬೇಡಕಿಹಾಳದ ಕಡೆ ಬಂದರೆ, ಅದೊಂದು ದಿನದ ಮಟ್ಟಿಗೆ, ಬಾಗಿಲಿಲ್ಲದ ಮನೆಯ ಮುಂದೆ ಜೋಡಿಯಿಲ್ಲದೆ ದಾಳಿಂಬೆ ಹಿಡಿದು ನಿಂತ ಒಬ್ಬ ಗಂಡಸು ಎಂದು ನಿನ್ನ ನೇಮ ಇಟ್ಟುಕೋ. ಹಿತ್ತಲಲ್ಲಿ ಎರಡು ದಾಳಿಂಬೆ ಸಸಿ ಹಚ್ಚಿದ್ದೇನೆ. ಅದರ ಖರ್ಚನ್ನು ಅಂದಾಜಿನಲ್ಲಿ ಹಿಡಿದಿಲ್ಲ.